ಅಡಿಗೊಂದು ನೂಲು

ಫೆಬ್ರುವರಿ ಪಗಾರದ ದಿನ ಉದ್ಯಮಬಾಗಿನ ನಮ್ಮ ಫೌಂಡ್ರಿಯಲ್ಲಿ
ನನ್ನ ಕಿಟಕಿಯ ಮುಂದೆ ಯಾರೂ ನಗುವುದಿಲ್ಲ.
ಗಾಜಿನ ಆ ಕಡೆ ಕರಿ ಉಸುಕು ಮೆತ್ತಿದ ಬೆರಳುಗಳು,
ಈ ಕಡೆ ನಾನು, ರಬ್ಬರ್ ಸ್ಟಾಂಪು, ಕೆನೆಗಟ್ಟಿದ ಚಹಾ.

ಪ್ಯಾಟರ್ನ್ ಶಾಪಿನ ಕಾಳಪ್ಪ ಬಡಿಗೇರ
ಚೀಟಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ,
ಹಲಗೆಯ ಸೊಟ್ಟ ನೋಡುವವನ ಹಾಗೆ, ಒಂದು ಕಣ್ಣು ಮುಚ್ಚಿ.
"ಬಾಯಾರ, ಇದರಾಗಿನ ಎಂಟು ಸಾವಿರ ಎಲ್ಲಿ ಹೋತ್ರಿ?"

"ಎಲ್ಲೂ ಹೋಗಿಲ್ಲ. ಏಳನೇ ತಾರೀಖಿನೊಳಗ
ನಿಮ್ಮ ಹೆಸರಿಲೆ ಬ್ಯಾಂಕಿಗೆ ತುಂಬತೇನಿ.
ವರ್ಷದ ಲೆಕ್ಕ ಏಪ್ರಿಲ್‌ದಾಗ ಅಂದಾಜಿಲೆ ಹಾಕೂದು.
ವಿಮಾ ಕಟ್ಟತೇನಿ, ಮನಿ ಸಾಲದ ಬಡ್ಡಿ ಐತಿ ಅಂತ ಬರಕೊಟ್ರಿ,
ನಂಬಿ ಕಡಿಮಿ ಹಿಡದೆ.
ಪಾವತಿ ತರ್ರಿ ಅಂತ ಡಿಸೆಂಬರ್‌ದಾಗ ಬೋರ್ಡಿನ ಮ್ಯಾಲ ಬರದೆ.
ನೀವು ತರಲಿಲ್ಲ.
ಹತ್ತು ತಿಂಗಳು ಬಿಟ್ಟದ್ದನ್ನ ಎರಡು ತಿಂಗಳದಾಗ ಹಿಡೀಬೇಕಾತು."

ಸಾಲಿನಲ್ಲಿ ಯಾರೋ ಕೆಮ್ಮಿದರು.
ಕಾಳಪ್ಪ ಪ್ಯಾಂಟಿನ ಉದ್ದ ಕಿಸೆಯಿಂದ ಉಕ್ಕಿನ ಸ್ಕೇಲು ತೆಗೆದು
ನನ್ನ ಪ್ಲಾಸ್ಟಿಕ್ ಸ್ಕೇಲಿನ ಮಗ್ಗುಲಿಗೆ ಮಲಗಿಸಿದ.
"ಸೊನ್ನಿಗೆ ಸೊನ್ನಿ ಹಚ್ಚಿ ನೋಡ್ರಿ."
ಆ ತುದಿಯಲ್ಲಿ ಅವನ ಹನ್ನೆರಡು ಇಂಚು
ನನ್ನ ಹನ್ನೆರಡನ್ನು ಒಂದು ನೂಲು ದಾಟಿತ್ತು.

"ಬೀಡು ಆರೂಮುಂದ ಕುಗ್ಗತೈತ್ರಿ.
ಪಂಪಿನ ಹೊಟ್ಟಿ ಒಂದು ಅಡಿ ಬೇಕಂದ್ರ
ಸಾಗವಾನಿ ಅಚ್ಚು ಅಡಿಗೊಂದು ನೂಲು ದೊಡ್ಡದು ಕೆತ್ತಬೇಕು.
ಕುಗ್ಗೂದಕ್ಕ ಸಿಟ್ಟ್ಯಾಕ? ಮೊದಲ ಗೊತ್ತಿರಬೇಕು, ಅಷ್ಟ.
ಮೂವತ್ತು ವರ್ಷ ಕಬ್ಬಿಣಕ್ಕ ಈ ಲೆಕ್ಕ ಹಾಕಿದೆ,
ಪಗಾರಕ್ಕ ಹಾಕೂದು ಮರತೆ ನೋಡ್ರಿ."
ನಕ್ಕ. ಆ ಫೆಬ್ರುವರಿಯ ಒಂದೇ ನಗು.

ಹೋದವನು ತಿರುಗಿ ಬಂದು ಕೇಳಿದ:
"ಕುಗ್ಗಿದ್ದು ಹಿಗ್ಗತೈತೇನ್ರಿ?"
"ಬೀಡಿಂದು ನಿಮಗ ಗೊತ್ತು. ಇದು ಹಿಗ್ಗತೈತಿ.
ಫಾರ್ಮ್ ಹದಿನಾರು ಕೊಡತೇನಿ, ಪಾವತಿ ಹುಡುಕಿ ರಿಟರ್ನ್ ತುಂಬ್ರಿ."

ಪಾವತಿಗಳು ಹೆಂಡತಿಯ ಟ್ರಂಕಿನಲ್ಲಿದ್ದವು,
ಇಳಕಲ್ ಸೀರೆಯ ಮಡಿಕೆಯಲ್ಲಿ, ಡಾಂಬರುಗುಳಿಗೆಯ ವಾಸನೆ ಹೊತ್ತು.
ಒಂದರ ಬೆನ್ನಿಗೆ ಅವನೇ ಪೆನ್ಸಿಲಿನಲ್ಲಿ ಬರೆದ ಹಲ್ಲುಗಾಲಿ.
ಶೀಗಿ ಹುಣ್ಣಿಮೆ ದಾಟಿದ ಮೇಲೆ ಚೆಕ್ಕು ಬಂತು:
ನಾಲ್ಕು ಸಾವಿರದ ಇನ್ನೂರಾ ಹತ್ತು.
ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ,
ಗ್ಯಾಸಿಗೆ ಹೆದರಿ ನಾನು ಅರ್ಧ ತಿಂದೆ.

ನನ್ನದನ್ನು ಅವನು ಕೇಳಲಿಲ್ಲ, ಯಾರೂ ಕೇಳುವುದಿಲ್ಲ.
ನಲವತ್ತೊಂದು ಹೆಸರಿಗೆ ತಿಂಗಳು ತಿಂಗಳು ತೆರಿಗೆ ಹಿಡಿದವಳು ನಾನು,
ಚಲನ್ ಹಿಡಿದು ಕಾಲೇಜ್ ರೋಡಿನ ಬ್ಯಾಂಕಿನಲ್ಲಿ ನಿಂತವಳು.
ನನ್ನ ಹೆಸರಿನ ಮುಂದೆ ಒಂದು ಅಡ್ಡಗೆರೆ.
ಮಿತಿಯ ಹೊಸ್ತಿಲಾಚೆ ಹನ್ನೊಂದು ವರ್ಷ.
ಬೈಯುತ್ತ ಬರುವವರ ಚೀಟಿ ನೋಡಿ
ಒಂದೊಂದು ಸಲ ಹೊಟ್ಟೆ ಉರಿದದ್ದೂ ಉಂಟು:
ಹಿಡಿಯುವಷ್ಟಾದರೂ ಇದೆಯಲ್ಲ ಇವರಿಗೆ.

ರಿಟೈರಾದ ದಿನ ಕಾಳಪ್ಪ ಆ ಸ್ಕೇಲು ನನ್ನ ಮೇಜಿನ ಮೇಲೆ ಬಿಟ್ಟು ಹೋದ.
ಮರೆತನೋ, ಬಿಟ್ಟನೋ.
ಅಡ್ಡಗೆರೆ ಎಳೆಯಲು ಈಗ ಅದೇ.
ಸೊನ್ನೆಯ ಹತ್ತಿರ ಎರಡೂ ಸ್ಕೇಲು ಒಂದೇ,
ಕೂದಲೂ ನುಸುಳದಷ್ಟು ಒಂದೇ.
ಮುಂದೆ ಮುಂದೆ ಹೋದ ಹಾಗೆ ಬಿರುಕು ಕಾಣುತ್ತದೆ.

ಈ ಏಪ್ರಿಲ್, ಹೊಸ ರಜಿಸ್ಟರಿನ ಮೊದಲ ಹಾಳೆ,
ಗೆರೆ ಎಳೆಯಲು ಸ್ಕೇಲು ಇಟ್ಟವಳು ತೆಗೆದೆ.
ಎರಡು ಸಲ ಕೂಡಿಸಿ ನೋಡಿದೆ.
ಅರವತ್ತೆರಡು ರೂಪಾಯಿ.

ಅಂಕಿಯಲ್ಲಿ ಬರೆದೆ.
ಅಕ್ಷರದಲ್ಲೂ ಬರೆದೆ, ಬೇಕಿರಲಿಲ್ಲ.